ಪೊರೆಗೆ ತೂತು ಕೊರೆಯುವ ಪೆಪ್ಟೈಡ್‌ಗಳು

ಸರ್ರಾ ಎಂಬುದು ಕುದುರೆ, ಒಂಟೆ, ದನ, ಎಮ್ಮೆಗಳಿಗೆ ಬರುವ ಕಾಯಿಲೆ. ಟ್ರಿಪನೊಸೋಮ ಇವಾನ್ಸಿ ಎಂಬ ಏಕಕೋಶ ಪರಾವಲಂಬಿ ರಕ್ತದಲ್ಲಿ ಈಜಾಡುತ್ತ ಪ್ರಾಣಿಯನ್ನು ಸೊರಗಿಸುತ್ತದೆ. ಕಚ್ಚುವ ನೊಣಗಳು ಅದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. 1880ರಲ್ಲಿ ಪಂಜಾಬ್ ಪ್ರಾಂತ್ಯದಲ್ಲಿ ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್ ಇದನ್ನು ಗುರುತಿಸಿದರು. ಅವೇ ನೊಣಗಳು ದನ ಕಾಯುವವರನ್ನೂ ಕಚ್ಚುತ್ತವೆ. ಆದರೂ ಮನುಷ್ಯರಿಗೆ ಸರ್ರಾ ತಗಲುವುದಿಲ್ಲ ಎಂಬುದೇ ಬಹುಕಾಲದ ತಿಳಿವಳಿಕೆಯಾಗಿತ್ತು. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ಅವರ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕಂಡದ್ದು ಮಲೇರಿಯದ ಪರಾವಲಂಬಿಯಲ್ಲ, ದನಗಳ ಟ್ರಿಪನೊಸೋಮ.

ಸುರಮಿನ್ ಎಂಬ ಹಳೆಯ ಔಷಧ ಕೊಟ್ಟು ಅವರನ್ನು ಗುಣಪಡಿಸಲಾಯಿತು. ಆದರೆ ಕೋಟ್ಯಂತರ ಜನರಿಗೆ ಬಾರದ ರೋಗ ಇವರಿಗೊಬ್ಬರಿಗೆ ಏಕೆ ಬಂತು? ಉತ್ತರ 2006ರಲ್ಲಿ ಪ್ರಕಟವಾಯಿತು. ನಮ್ಮೆಲ್ಲರ ರಕ್ತದಲ್ಲಿ ಎಪಿಒಎಲ್1 ಎಂಬ ಪ್ರೋಟೀನ್ ಓಡಾಡುತ್ತಿರುತ್ತದೆ. ಒಳ್ಳೆಯ ಕೊಲೆಸ್ಟೆರಾಲ್ ಎಂದು ನಾವು ಕರೆಯುವ ಎಚ್‌ಡಿಎಲ್ ಕಣಗಳ ಮೇಲೆ ಅದು ಸವಾರಿ ಮಾಡುತ್ತದೆ. ಟ್ರಿಪನೊಸೋಮ ತನ್ನ ಹೊಟ್ಟೆಪಾಡಿಗಾಗಿ ರಕ್ತದಿಂದ ಏನೇನನ್ನೋ ಹೀರಿಕೊಳ್ಳುವಾಗ ಇದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಆಮ್ಲೀಯ ಪರಿಸರದಲ್ಲಿ ಎಪಿಒಎಲ್1 ಪರಾವಲಂಬಿಯದೇ ಪೊರೆಗೆ ಹೊಕ್ಕು ಅಯಾನುಗಳು ನುಗ್ಗುವ ನಾಳ ತೆರೆಯುತ್ತದೆ. ಜೀವಿ ಊದಿಕೊಂಡು ಒಡೆಯುತ್ತದೆ. ಆ ರೈತರಲ್ಲಿ ಈ ಪ್ರೋಟೀನನ್ನು ತಯಾರಿಸುವ ಜೀನ್‌ನ ಎರಡು ಪ್ರತಿಗಳೂ ಕೆಟ್ಟಿದ್ದವು. ಅವರ ಸೀರಮ್ ಟ್ರಿಪನೊಸೋಮವನ್ನು ಕೊಲ್ಲುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಅದಕ್ಕೆ ಎಪಿಒಎಲ್1 ಬೆರೆಸಿದ ಕೂಡಲೇ ಕೊಲ್ಲತೊಡಗಿತು. ಮನುಷ್ಯನ ಸೀರಮ್‌ಗೆ ಟ್ರಿಪನೊಸೋಮಗಳನ್ನು ಕೊಲ್ಲುವ ಗುಣವಿದೆಯೆಂದು ಫ್ರಾನ್ಸಿನ ಲಾವೆರಾನ್ 1902ರಷ್ಟು ಹಿಂದೆಯೇ ಗಮನಿಸಿದ್ದರು. ಆ ಗುಣ ಯಾವ ಅಣುವಿನದು ಎಂದು ತಿಳಿಯಲು ಶತಮಾನ ಹಿಡಿಯಿತು. ಅದಿಲ್ಲದ ಮನುಷ್ಯನೊಬ್ಬನ ಗತಿ ಏನೆಂದು ತೋರಿಸಿದ್ದು ಚಂದ್ರಪುರ. (ಮುಂದೆ ವಿಯೆಟ್ನಾಂನಲ್ಲಿ ಎಪಿಒಎಲ್1 ಸರಿಯಾಗಿಯೇ ಇದ್ದ ಮಹಿಳೆಯೊಬ್ಬರಿಗೂ ಸರ್ರಾ ತಗಲಿತು. ಜೀವವಿಜ್ಞಾನ ಒಂದೇ ಸೂತ್ರಕ್ಕೆ ಒಗ್ಗುವುದು ಅಪರೂಪ.)

ರೋಗನಿರೋಧಕ ಶಕ್ತಿ ಎಂದೊಡನೆ ನಮಗೆ ನೆನಪಾಗುವುದು ಪ್ರತಿಕಾಯಗಳು ಮತ್ತು ಲಸಿಕೆ. ಶತ್ರುವನ್ನು ಗುರುತಿಸಿ, ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸಲು ದೇಹಕ್ಕೆ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಕಾಯುವ ಮನಸ್ಸು ಪರಾವಲಂಬಿಗಿರುವುದಿಲ್ಲ. ಆ ಅವಧಿಯಲ್ಲಿ ನಮ್ಮನ್ನು ಕಾಯುವುದು ಹುಟ್ಟಿನಿಂದಲೇ ಸಿದ್ಧವಿರುವ ಅಣುಗಳು. ಎಪಿಒಎಲ್1 ಅವುಗಳ ಪೈಕಿ ದೊಡ್ಡ ಗಾತ್ರದ್ದು, ಪೂರ್ಣ ಪ್ರೋಟೀನ್. ಅದೇ ಕೆಲಸವನ್ನು ಇನ್ನೂ ಚಿಕ್ಕ ಗಾತ್ರದಲ್ಲಿ ಮಾಡುವ ಅಣುಗಳ ಗುಂಪೇ ಪೆಪ್ಟೈಡ್‌ಗಳು. ಪ್ರೋಟೀನ್ ನೂರಾರು ಅಮೈನೊ ಆಮ್ಲಗಳ ಸರಪಳಿಯಾದರೆ, ಪೆಪ್ಟೈಡ್ ಕೆಲವು ಹತ್ತುಗಳಷ್ಟರ ತುಂಡು. ಬಿಳಿ ರಕ್ತಕಣಗಳಲ್ಲಿ, ಚರ್ಮದಲ್ಲಿ, ಎಂಜಲಿನಲ್ಲಿ, ಕರುಳಿನ ಒಳಪದರದಲ್ಲಿ, ಪ್ಲೇಟ್‌ಲೆಟ್‌ಗಳ ಒಳಗೆ ಇವು ಇರುತ್ತವೆ.

ಇವುಗಳ ಪತ್ತೆಯ ಇತಿಹಾಸ ಮನುಷ್ಯನಿಂದ ಶುರುವಾಗಲಿಲ್ಲ. ಸ್ವೀಡನ್ನಿನ ಹಾನ್ಸ್ ಬೋಮನ್ ಅವರ ತಂಡ ಪತಂಗವೊಂದರ ಕೋಶಾವಸ್ಥೆಯ ದ್ರವದಲ್ಲಿ ಸೆಕ್ರೋಪಿನ್ ಎಂಬ ಪೆಪ್ಟೈಡನ್ನು ಕಂಡುಹಿಡಿದದ್ದು 1981ರ ಸುಮಾರಿಗೆ. ಕೀಟಗಳಿಗೆ ಪ್ರತಿಕಾಯಗಳೇ ಇಲ್ಲ, ಆದರೂ ಅವು ಕೊಳೆತು ಸಾಯುವುದಿಲ್ಲ. ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಲೆಹ್ರರ್, ಟೊಮಾಸ್ ಗಾಂಜ್, ಮೈಕೆಲ್ ಸೆಲ್‌ಸ್ಟೆಡ್ ಅವರು ಮನುಷ್ಯನ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಡಿಫೆನ್ಸಿನ್‌ಗಳನ್ನು ವಿವರಿಸಿದರು. ಎರಡು ವರ್ಷದ ಬಳಿಕ ಅಮೆರಿಕದ ಮೈಕೆಲ್ ಜಾಸ್ಲಾಫ್, ಶಸ್ತ್ರಚಿಕಿತ್ಸೆ ಮಾಡಿ ಹೊಲಿದು ಕೊಳಕು ನೀರಿಗೆ ಬಿಟ್ಟ ಕಪ್ಪೆಗಳ ಗಾಯಕ್ಕೆ ಕೀವಾಗದ್ದನ್ನು ಕಂಡು ಅವುಗಳ ಚರ್ಮದಿಂದ ಮಗೈನಿನ್ ತೆಗೆದರು. 1995ರಲ್ಲಿ ಮನುಷ್ಯನಲ್ಲಿ ಇನ್ನೊಂದು ಮುಖ್ಯ ಪೆಪ್ಟೈಡ್ ಸಿಕ್ಕಿತು. 37 ಅಮೈನೊ ಆಮ್ಲಗಳ ಇದರ ಹೆಸರು ಎಲ್‌ಎಲ್-37. ದೇಹ ಇದನ್ನು ಬರಿದಾಗಿ ಇಟ್ಟುಕೊಳ್ಳುವುದಿಲ್ಲ. ನಿಷ್ಕ್ರಿಯವಾದ ದೊಡ್ಡ ಪ್ರೋಟೀನಿನ ಬಾಲದಂತೆ ಜೋಡಿಸಿಟ್ಟು, ಬೇಕಾದಾಗ ಕಿಣ್ವವೊಂದರಿಂದ ಕತ್ತರಿಸಿ ಬಿಡುಗಡೆ ಮಾಡುತ್ತದೆ. ಈ ಮುನ್ನೆಚ್ಚರಿಕೆಗೆ ಕಾರಣವಿದೆ, ಮುಂದೆ ನೋಡೋಣ.

ಇಷ್ಟು ಚಿಕ್ಕ ತುಂಡು ಇಡೀ ಜೀವಿಯನ್ನು ಕೊಲ್ಲುವುದು ಹೇಗೆ? ಅಂಟುವಾಳದ ಕಾಯಿಯನ್ನು ನೀರಿನಲ್ಲಿ ಕಿವುಚಿದರೆ ನೊರೆ ಬಂದು ಎಣ್ಣೆಯ ಜಿಡ್ಡು ಬಿಡುತ್ತದೆ. ಅದರಲ್ಲಿರುವ ಸಪೋನಿನ್ ಅಣುವಿನ ಒಂದು ಭಾಗ ನೀರಿಗೆ, ಇನ್ನೊಂದು ಭಾಗ ಎಣ್ಣೆಗೆ ಒಲಿಯುವುದರಿಂದ. ಈ ಪೆಪ್ಟೈಡ್‌ಗಳೂ ಹಾಗೆಯೇ ಎರಡು ಮುಖದವು. ಜೀವಕೋಶದ ಪೊರೆ ಎಂದರೆ ಕೊಬ್ಬಿನ ಅಣುಗಳ ಜೋಡಿ ಪದರ, ಅಂದರೆ ಒಂದು ಬಗೆಯ ಜಿಡ್ಡೇ. ಪೆಪ್ಟೈಡಿನ ಕೊಬ್ಬುಪ್ರಿಯ ಮುಖ ಆ ಪದರಕ್ಕೆ ಇಳಿಯುತ್ತದೆ, ನೀರುಪ್ರಿಯ ಮುಖ ಹೊರಗೆ ಉಳಿಯುತ್ತದೆ, ಹೀಗೆ ಹಲವು ಒಟ್ಟು ಸೇರಿದರೆ ಪೊರೆ ತೂತು ಬೀಳುತ್ತದೆ ಇಲ್ಲವೆ ಚಿಂದಿಯಾಗುತ್ತದೆ. ಹೋಲಿಕೆ ಬರೀ ಮೇಲ್ನೋಟದ್ದಲ್ಲ: ಮಲೇರಿಯದ ಪ್ರಯೋಗಾಲಯಗಳಲ್ಲಿ ಕೆಂಪು ರಕ್ತಕಣವನ್ನು ಒಡೆದು ಒಳಗಿನ ಪರಾವಲಂಬಿಯನ್ನು ಹೊರತೆಗೆಯಲು ಇಂದಿಗೂ ಸಪೋನಿನ್ನನ್ನೇ ಬಳಸುತ್ತಾರೆ.

ಆದರೆ ಸಪೋನಿನ್‌ಗೆ ನಮ್ಮ ಕೋಶ, ಪರರ ಕೋಶ ಎಂಬ ಭೇದ ಅಷ್ಟಾಗಿ ಇಲ್ಲ. ಪೆಪ್ಟೈಡ್‌ಗಳಿಗೆ ಇದೆ, ಒಂದು ಮಟ್ಟಿಗೆ. ಅವುಗಳ ಮೇಲೆ ಧನ ವಿದ್ಯುದಾವೇಶ ಹೆಚ್ಚು. ಬ್ಯಾಕ್ಟೀರಿಯದ ಹೊರಮೈ ಋಣಾವೇಶದ ಅಣುಗಳಿಂದ ತುಂಬಿರುತ್ತದೆ, ಹಾಗಾಗಿ ಪೆಪ್ಟೈಡ್ ತಾನಾಗಿ ಅದರತ್ತ ಸೆಳೆಯಲ್ಪಡುತ್ತದೆ. ನಮ್ಮ ಕೋಶಗಳ ಹೊರಪದರ ವಿದ್ಯುತ್ತಿನ ದೃಷ್ಟಿಯಿಂದ ಬಹುಮಟ್ಟಿಗೆ ತಟಸ್ಥ, ಜೊತೆಗೆ ಕೊಲೆಸ್ಟೆರಾಲ್ ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಪೆಪ್ಟೈಡ್ ಅಲ್ಲಿ ಸುಲಭವಾಗಿ ಇಳಿಯುವುದಿಲ್ಲ.

ತೊಡಕು ಇರುವುದು ಇಲ್ಲಿಯೇ. ಮಲೇರಿಯ, ಕಾಲಾ ಅಜಾರ್, ಆಮಶಂಕೆ ತರುವ ಪರಾವಲಂಬಿಗಳು ಬ್ಯಾಕ್ಟೀರಿಯಗಳಲ್ಲ. ಅವು ಏಕಕೋಶ ಜೀವಿಗಳೇ ಆದರೂ ಕೋಶಕೇಂದ್ರ, ಮೈಟೊಕಾಂಡ್ರಿಯಾ ಎಲ್ಲವೂ ಇರುವ, ರಚನೆಯಲ್ಲಿ ನಮ್ಮ ಕೋಶಗಳಿಗೇ ಹತ್ತಿರದ ಜೀವಿಗಳು. ಪೆನಿಸಿಲಿನ್ ಅವುಗಳಿಗೆ ಲೆಕ್ಕಕ್ಕಿಲ್ಲದ್ದು ಇದೇ ಕಾರಣಕ್ಕೆ. ಅವುಗಳ ಪೊರೆಗೂ ನಮ್ಮ ಪೊರೆಗೂ ಇರುವ ವ್ಯತ್ಯಾಸ ಬಲು ಸೂಕ್ಷ್ಮ. ಇನ್ನೂ ಒಂದು ಮಾತು: ಮನುಷ್ಯನ ದೇಹವನ್ನೇ ಮನೆ ಮಾಡಿಕೊಂಡ ಪರಾವಲಂಬಿ ಎಂದರೆ, ನಮ್ಮ ಪೆಪ್ಟೈಡ್‌ಗಳ ಹೊಡೆತವನ್ನು ಹೇಗೋ ತಪ್ಪಿಸಿಕೊಳ್ಳಲು ಕಲಿತದ್ದು ಎಂದೇ ಅರ್ಥ. ಕಲಿಯದವು ನಮ್ಮಲ್ಲಿ ರೋಗ ತರುವುದೇ ಇಲ್ಲ, ಹಾಗಾಗಿ ಅವುಗಳ ಹೆಸರು ನಮಗೆ ಗೊತ್ತಾಗುವುದೂ ಇಲ್ಲ. ‘ದೇಹದ ನೈಸರ್ಗಿಕ ಆಂಟಿಬಯಾಟಿಕ್’ ಎಂದು ಇವನ್ನು ಸಾರಾಸಗಟಾಗಿ ಹೊಗಳುವ ಬರಹಗಳು ಈ ಅಂಶವನ್ನು ಬಿಟ್ಟುಬಿಡುತ್ತವೆ. ಯಾವ ಪೆಪ್ಟೈಡ್, ಯಾವ ಪರಾವಲಂಬಿ, ಅದು ದೇಹದ ಯಾವ ಜಾಗದಲ್ಲಿ, ಜೀವನಚಕ್ರದ ಯಾವ ಹಂತದಲ್ಲಿದೆ ಎಂಬುದನ್ನು ಕೇಳದೆ ಇಲ್ಲಿ ಏನನ್ನೂ ಹೇಳಲಾಗದು.

ಕಾಲಾ ಅಜಾರನ್ನೇ ತೆಗೆದುಕೊಳ್ಳಿ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರಪ್ರದೇಶದ ಪೂರ್ವ ಭಾಗಗಳನ್ನು ಶತಮಾನಗಳಿಂದ ಕಾಡಿದ ರೋಗ ಇದು. ಗುಲ್ಮ ಊದಿಕೊಳ್ಳುತ್ತದೆ, ಮೈ ಕರಗುತ್ತದೆ, ಚಿಕಿತ್ಸೆ ಇಲ್ಲದಿದ್ದರೆ ಸಾವು ಬಹುತೇಕ ಖಚಿತ. ಕಾರಣವಾದ ಪರಾವಲಂಬಿಯನ್ನು 1903ರಲ್ಲಿ ವಿಲಿಯಂ ಲೀಶ್ಮನ್ ವಿವರಿಸಿದರು. ಅದೇ ವರ್ಷ ಮದ್ರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಸ್ವತಂತ್ರವಾಗಿ ಅದನ್ನೇ ಕಂಡರು. ಇಬ್ಬರ ಹೆಸರನ್ನೂ ಸೇರಿಸಿ ಲೀಶ್ಮೇನಿಯಾ ಡೊನೊವನಿ ಎಂದು ಕರೆದವರು ರೊನಾಲ್ಡ್ ರಾಸ್. ಮರಳುನೊಣ ಕಚ್ಚಿದಾಗ ಇದು ಚರ್ಮದೊಳಕ್ಕೆ ಇಳಿಯುತ್ತದೆ. ಕಚ್ಚಿದ ಗಾಯಕ್ಕೆ ನ್ಯೂಟ್ರೊಫಿಲ್‌ಗಳು ಧಾವಿಸುತ್ತವೆ, ಎಲ್‌ಎಲ್-37 ಮತ್ತು ಡಿಫೆನ್ಸಿನ್‌ಗಳು ಬಿಡುಗಡೆಯಾಗುತ್ತವೆ. ನಿಯಮದ ಪ್ರಕಾರ ಲೀಶ್ಮೇನಿಯಾ ಅಲ್ಲೇ ಸಾಯಬೇಕು.

ಸಾಯುವುದಿಲ್ಲ, ಏಕೆಂದರೆ ಅದರ ಮೈಮೇಲೆ ಜಿಪಿ63 ಎಂಬ ಕಿಣ್ವ ದಟ್ಟವಾಗಿ ಹರಡಿಕೊಂಡಿದೆ. ಸತುವಿನ ನೆರವಿನಿಂದ ಪ್ರೋಟೀನ್ ಕತ್ತರಿಸುವ ಕಿಣ್ವ ಇದು. ಬಳಿ ಬಂದ ಪೆಪ್ಟೈಡನ್ನು ಪೊರೆ ಮುಟ್ಟುವ ಮೊದಲೇ ತುಂಡರಿಸುತ್ತದೆ. ಜಿಪಿ63 ಜೀನನ್ನು ತೆಗೆದುಹಾಕಿದ ಲೀಶ್ಮೇನಿಯಾವನ್ನು ಪ್ರಯೋಗಾಲಯದಲ್ಲಿ ಪೆಪ್ಟೈಡ್‌ಗೆ ಒಡ್ಡಿದಾಗ ಅದು ಬೇಗ ಸಾಯುತ್ತದೆ. ಜೀನನ್ನು ಮರಳಿ ಕೊಟ್ಟರೆ ತಡೆಯುವ ಶಕ್ತಿಯೂ ಮರಳುತ್ತದೆ. ಜಿಪಿ63ಗೆ ಇದೊಂದೇ ಕೆಲಸವಲ್ಲ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಇನ್ನೊಂದು ರಕ್ಷಣಾ ಸರಣಿಯ ಪ್ರೋಟೀನನ್ನೂ ಅದು ಅರ್ಧಕ್ಕೆ ಕತ್ತರಿಸಿ, ತನ್ನನ್ನು ಕೊಲ್ಲಲು ಬಂದದ್ದನ್ನೇ ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣದೊಳಕ್ಕೆ ಸದ್ದಿಲ್ಲದೆ ಪ್ರವೇಶ ಕೊಡಿಸುವ ರಹದಾರಿಯಾಗಿ ಮಾರ್ಪಡಿಸುತ್ತದೆ. ಮ್ಯಾಕ್ರೊಫೇಜ್ ಎಂದರೆ ಸೂಕ್ಷ್ಮಜೀವಿಗಳನ್ನು ನುಂಗಿ ಜೀರ್ಣಿಸುವ ಕೋಶ. ಲೀಶ್ಮೇನಿಯಾ ಅದರ ಜೀರ್ಣಕೋಶದಲ್ಲೇ ಕುಳಿತು ಸಂಸಾರ ಹೂಡುತ್ತದೆ.

ಈ ಕಿಣ್ವವನ್ನು ತಪ್ಪಿಸಿ ಕೆಲಸ ಮಾಡುವ ಪೆಪ್ಟೈಡ್‌ಗಳು ಇಲ್ಲದೆ ಇಲ್ಲ. ನಮ್ಮ ಎಂಜಲಿನಲ್ಲಿರುವ ಹಿಸ್ಟಾಟಿನ್-5 ಎಂಬ 24 ಅಮೈನೊ ಆಮ್ಲಗಳ ಪೆಪ್ಟೈಡ್ ಪೊರೆಯನ್ನು ಹರಿದು ಹಾಕುವ ಬದಲು ಲೀಶ್ಮೇನಿಯಾದ ಒಳಹೊಕ್ಕು ಮೈಟೊಕಾಂಡ್ರಿಯಾವನ್ನು ಹಿಡಿಯುತ್ತದೆ. ಶಕ್ತಿ ತಯಾರಿ ನಿಂತು ಜೀವಿ ಸಾಯುತ್ತದೆ. ಇದು ಪ್ರಯೋಗಾಲಯದ ಫಲಿತಾಂಶ. ಕಾಲಾ ಅಜಾರ್ ಬಾಯಿಯ ಮೂಲಕ ಬರುವ ರೋಗವಲ್ಲವಾದ್ದರಿಂದ ಎಂಜಲಿನ ಈ ಸಾಮರ್ಥ್ಯ ನಮಗೆ ನೇರವಾಗಿ ಉಪಯೋಗವಿಲ್ಲ. ಆದರೆ ಔಷಧ ಹುಡುಕುವವರಿಗೆ ಇದೊಂದು ಸುಳಿವು.

ಮಲೇರಿಯದ ಕಥೆ ಇನ್ನೂ ಸ್ವಾರಸ್ಯಕರ. ಇದರಲ್ಲಿ ನಾಯಕ ಪಾತ್ರ ಪ್ಲೇಟ್‌ಲೆಟ್‌ನದು. ಡೆಂಗಿ ಹಬ್ಬಿದಾಗಲೆಲ್ಲ ನಮ್ಮೂರುಗಳಲ್ಲಿ ಪ್ಲೇಟ್‌ಲೆಟ್ ಎಣಿಕೆಯೇ ಮಾತಾಗುತ್ತದೆ, ಪಪ್ಪಾಯಿ ಎಲೆಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ರಕ್ತ ಹೆಪ್ಪುಗಟ್ಟಿಸುವುದಷ್ಟೇ ಅದರ ಕೆಲಸ ಎಂದು ಶಾಲೆಯಲ್ಲಿ ಓದಿದ್ದೇವೆ. 2009ರಲ್ಲಿ ಆಸ್ಟ್ರೇಲಿಯದ ಬ್ರೆಂಡನ್ ಮೆಕ್‌ಮೊರನ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆಯದನ್ನೇ: ಪ್ಲೇಟ್‌ಲೆಟ್‌ಗಳು ಸೋಂಕು ತಗುಲಿದ ಕೆಂಪು ರಕ್ತಕಣಕ್ಕೆ ಅಂಟಿಕೊಂಡು ಒಳಗಿರುವ ಮಲೇರಿಯದ ಪರಾವಲಂಬಿಯನ್ನು ಕೊಲ್ಲುತ್ತವೆ. ಪ್ಲೇಟ್‌ಲೆಟ್ ಕಡಿಮೆ ಇರುವ ಇಲಿಗಳು ಮಲೇರಿಯಕ್ಕೆ ಬೇಗ ಬಲಿಯಾದವು. ಪ್ಲೇಟ್‌ಲೆಟ್‌ಗಳನ್ನು ಮಂಕಾಗಿಸುವ ಆಸ್ಪಿರಿನ್ ಕೊಟ್ಟರೆ ಈ ಕೊಲ್ಲುವ ಗುಣವೂ ಮಂಕಾಯಿತು.

ಪ್ಲೇಟ್‌ಲೆಟ್ ತನ್ನೊಳಗಿನ ಕಿರುಚೀಲಗಳಲ್ಲಿ ಪಿಎಫ್4 ಎಂಬ 70 ಅಮೈನೊ ಆಮ್ಲಗಳ ಅಣುವನ್ನು ತುಂಬಿಟ್ಟುಕೊಂಡಿರುತ್ತದೆ. ಈ ಹೆಸರನ್ನು ಓದುಗರು ಕೇಳಿರಬಹುದು. ಆಸ್ಟ್ರಾಜೆನೆಕಾದ ಕೋವಿಡ್ ಲಸಿಕೆ ಪಡೆದ ಅತಿ ವಿರಳ ಮಂದಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇದೇ ಪಿಎಫ್4 ವಿರುದ್ಧ ದೇಹ ಪ್ರತಿಕಾಯ ತಯಾರಿಸಿಕೊಂಡಿದ್ದರಿಂದ. ಮಲೇರಿಯದಲ್ಲಿ ಅದರ ಪಾತ್ರ ಒಳ್ಳೆಯದು. ಪರಾವಲಂಬಿ ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದದ್ದನ್ನು ಅರಗಿಸಲು ಅದಕ್ಕೊಂದು ಆಮ್ಲೀಯ ರಸದಾನಿ ಇದೆ. ಮಲೇರಿಯದ ಔಷಧ ಕ್ಲೋರೊಕ್ವಿನ್ ಕೆಲಸ ಮಾಡುವ ಜಾಗವೂ ಅದೇ. ಪಿಎಫ್4 ರಕ್ತಕಣದ ಪೊರೆ ದಾಟಿ, ಪರಾವಲಂಬಿಯ ಪೊರೆಯನ್ನೂ ದಾಟಿ, ಈ ರಸದಾನಿಯನ್ನು ಒಡೆಯುತ್ತದೆ. ಅರಗಿಸಲು ಇಟ್ಟುಕೊಂಡ ಕಿಣ್ವಗಳೆಲ್ಲ ಒಳಗೇ ಚೆಲ್ಲಿಹೋದ ಮೇಲೆ ಪರಾವಲಂಬಿಗೆ ಉಳಿವಿಲ್ಲ. ಕೆಂಪು ರಕ್ತಕಣಕ್ಕೆ ಮಾತ್ರ ಹಾನಿಯಿಲ್ಲ. ಸೋಂಕಿಲ್ಲದ ರಕ್ತಕಣದ ಒಳಗೆ ಪಿಎಫ್4 ಜಮೆಯಾಗುವುದೂ ಇಲ್ಲ.

2012ರಲ್ಲಿ ಅದೇ ತಂಡ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಪಿಎಫ್4 ಒಳಹೋಗಲು ಕೆಂಪು ರಕ್ತಕಣದ ಮೇಲೆ ಡಫಿ ಎಂಬ ಪ್ರೋಟೀನ್ ಇರಬೇಕು. ಡಫಿಯ ಹೆಸರು ಮಲೇರಿಯ ಬಲ್ಲವರಿಗೆ ಹಳೆಯದು: ವೈವ್ಯಾಕ್ಸ್ ಮಲೇರಿಯದ ಪರಾವಲಂಬಿ ರಕ್ತಕಣದೊಳಗೆ ಹೋಗುವುದು ಇದನ್ನೇ ಹಿಡಿದುಕೊಂಡು ಎಂದು ಲೂಯಿಸ್ ಮಿಲ್ಲರ್ 1976ರಲ್ಲಿ ತೋರಿಸಿದ್ದರು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಹುತೇಕ ಜನರ ರಕ್ತಕಣಗಳಲ್ಲಿ ಡಫಿ ಇಲ್ಲ, ಆದ್ದರಿಂದ ಅಲ್ಲಿ ವೈವ್ಯಾಕ್ಸ್ ಬಲು ಅಪರೂಪ. ಇದನ್ನು ನಿಸರ್ಗದ ವರದಾನವೆಂದೇ ಪಾಠ ಹೇಳಲಾಗುತ್ತಿತ್ತು. ಈಗ ನೋಡಿದರೆ ವರದ ಹಿಂದೆ ಸಾಲವೂ ಇದೆ. ಡಫಿ ಇಲ್ಲದ ರಕ್ತಕಣದಲ್ಲಿ ಕುಳಿತ ಫಾಲ್ಸಿಪಾರಂ ಪರಾವಲಂಬಿಯನ್ನು ಪ್ಲೇಟ್‌ಲೆಟ್‌ಗಳು ಕೊಲ್ಲಲಾರವು. ಫಾಲ್ಸಿಪಾರಂ ಜೀವಕ್ಕೇ ಎರವಾಗುವ ಮಲೇರಿಯ, ಅದರ ಹೊಡೆತ ಅತಿ ಹೆಚ್ಚು ಬಿದ್ದಿರುವುದೂ ಆಫ್ರಿಕದ ಮೇಲೆಯೇ.

ಇಲಿಗಳಲ್ಲಿ, ಗಾಜಿನ ತಟ್ಟೆಯಲ್ಲಿ ಕಂಡದ್ದು ರೋಗಿಗಳಲ್ಲೂ ನಡೆಯುತ್ತದೆಯೇ? ಇಂಡೊನೇಷ್ಯಾದ ಪಪುವಾ ಮತ್ತು ಮಲೇಷ್ಯಾದ ಸಬಾದ ರೋಗಿಗಳ ರಕ್ತವನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೌದೆಂದಿತು. ಮನುಷ್ಯರಲ್ಲಿ ಮಲೇರಿಯ ತರುವ ಪ್ರಮುಖ ಪ್ರಭೇದಗಳೆಲ್ಲದರಲ್ಲೂ ಪ್ಲೇಟ್‌ಲೆಟ್ ಅಂಟಿಕೊಂಡ ರಕ್ತಕಣಗಳಲ್ಲಿ ಸತ್ತ ಪರಾವಲಂಬಿಗಳ ಪಾಲು ಹೆಚ್ಚಾಗಿತ್ತು, ಅವುಗಳೊಳಗೆ ಪಿಎಫ್4 ಕೂಡ ಇತ್ತು. ಹಾಗೆಂದು ಪ್ಲೇಟ್‌ಲೆಟ್‌ಗಳನ್ನು ಪೂರ್ತಿ ಸಜ್ಜನರೆಂದು ಬಗೆಯಬೇಕಿಲ್ಲ. ಮಿದುಳಿನ ಮಲೇರಿಯದಲ್ಲಿ ಸೋಂಕಿತ ರಕ್ತಕಣಗಳು ಒಂದಕ್ಕೊಂದು ಅಂಟಿಕೊಂಡು ಸೂಕ್ಷ್ಮ ರಕ್ತನಾಳಗಳನ್ನು ಕಟ್ಟುವುದಕ್ಕೆ ಇವೂ ಕೈಜೋಡಿಸುತ್ತವೆ.

ಕರ್ನಾಟಕದ ಮಲೇರಿಯ ಎಂದರೆ ಬಹುಕಾಲ ಮಂಗಳೂರಿನದೇ ಮಾತು, ಅಲ್ಲಿ ಹೆಚ್ಚಿನ ಪಾಲು ವೈವ್ಯಾಕ್ಸ್. ಕಟ್ಟಡ ಕಾಮಗಾರಿಯ ತೊಟ್ಟಿ, ತಾರಸಿಯ ಟ್ಯಾಂಕ್‌ಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆ ಅದನ್ನು ಹರಡುತ್ತದೆ. ವೈವ್ಯಾಕ್ಸ್ ಆರಿಸಿಕೊಳ್ಳುವುದು ಆಗತಾನೆ ಅಸ್ಥಿಮಜ್ಜೆಯಿಂದ ಹೊರಬಂದ ಎಳೆಯ ಕೆಂಪು ರಕ್ತಕಣಗಳನ್ನು. ಈ ಆಯ್ಕೆಯಲ್ಲಿ ಅದಕ್ಕೊಂದು ಅಪಾಯವಿದೆ. ಬಲಿತ ಕೆಂಪು ರಕ್ತಕಣದ ಮೈಮೇಲೆ, ಒಳಗೆ ಯಾರಿದ್ದಾರೆಂದು ಹೊರಗೆ ತೋರಿಸುವ ಎಚ್‌ಎಲ್‌ಎ ಪ್ರೋಟೀನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಫಾಲ್ಸಿಪಾರಂ ಅಲ್ಲಿ ಅಡಗಿ ಕೂರಬಹುದು. ಎಳೆಯ ಕಣಗಳಲ್ಲಿ ಅದು ಇನ್ನೂ ಉಳಿದಿರುತ್ತದೆ. ಬ್ರೆಜಿಲ್‌ನ ರೋಗಿಗಳಲ್ಲಿ ನಡೆದ ಅಧ್ಯಯನ 2018ರಲ್ಲಿ ತೋರಿಸಿದಂತೆ, ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳಾದ ಸಿಡಿ8 ಟಿ ಕೋಶಗಳು ಈ ಗುರುತು ಹಿಡಿದು ಬಂದು ವೈವ್ಯಾಕ್ಸ್ ತುಂಬಿದ ಎಳೆಯ ರಕ್ತಕಣವನ್ನು, ಅದರೊಳಗಿನ ಪರಾವಲಂಬಿಯನ್ನು ಒಟ್ಟಿಗೇ ಮುಗಿಸುತ್ತವೆ. ಅದಕ್ಕೆ ಅವು ಬಳಸುವುದು ಗ್ರಾನುಲೈಸಿನ್ ಎಂಬ 74 ಅಮೈನೊ ಆಮ್ಲಗಳ ಅಣು.

ಗ್ರಾನುಲೈಸಿನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಹಾರ್ವರ್ಡಿನ ಜೂಡಿ ಲೀಬರ್ಮನ್ ಅವರ ಪ್ರಯೋಗಾಲಯ ಇದನ್ನು 2016ರಲ್ಲಿ ಟಾಕ್ಸೊಪ್ಲಾಸ್ಮ, ಲೀಶ್ಮೇನಿಯಾ ಮತ್ತು ದಕ್ಷಿಣ ಅಮೆರಿಕದ ಚಾಗಸ್ ರೋಗದ ಟ್ರಿಪನೊಸೋಮ ಕ್ರೂಜಿ, ಮೂರರ ಮೇಲೂ ಪರೀಕ್ಷಿಸಿತು. ಗ್ರಾನುಲೈಸಿನ್ ಪರಾವಲಂಬಿಯ ಪೊರೆಗೆ ತೂತು ಕೊರೆಯುತ್ತದೆ, ಆ ತೂತಿನಿಂದ ಗ್ರಾನ್‌ಜೈಮ್ ಎಂಬ ಕಿಣ್ವಗಳು ಒಳನುಗ್ಗಿ ಕೆಲಸ ಮುಗಿಸುತ್ತವೆ. ನಮ್ಮ ಕೋಶ ಉಳಿದು ಪರಾವಲಂಬಿ ಸಾಯಲು ಕಾರಣ ಕೊಲೆಸ್ಟೆರಾಲ್: ನಮ್ಮ ಪೊರೆಯಲ್ಲಿ ಅದು ಹೇರಳ, ಗ್ರಾನುಲೈಸಿನ್ ಅಲ್ಲಿ ಹೂತುಕೊಳ್ಳಲಾರದು, ಪರಾವಲಂಬಿಯ ಪೊರೆಯಲ್ಲಿ ಕಡಿಮೆ. ಎಣ್ಣೆಯ ಜಾಹೀರಾತುಗಳು ಖಳನನ್ನಾಗಿ ಮಾಡಿರುವ ಕೊಲೆಸ್ಟೆರಾಲ್ ಇಲ್ಲಿ ನಮ್ಮ ಕೋಶಗಳ ಕವಚ. ಎರಡನೆಯ ಮಾತು, ಇಲಿಗಳಿಗೆ ಗ್ರಾನುಲೈಸಿನ್ ಇಲ್ಲ. ಪರಾವಲಂಬಿ ರೋಗಗಳ ಸಂಶೋಧನೆಯ ದೊಡ್ಡ ಪಾಲು ನಡೆಯುವುದೇ ಇಲಿಗಳಲ್ಲಿ. ದಶಕಗಳ ಕಾಲ ವಿಜ್ಞಾನಿಗಳು ಈ ಅಣುವೇ ಇಲ್ಲದ ಪ್ರಾಣಿಯಲ್ಲಿ ಪ್ರಯೋಗ ಮಾಡಿ ಮನುಷ್ಯನ ಬಗ್ಗೆ ತೀರ್ಮಾನಕ್ಕೆ ಬರುತ್ತಿದ್ದರು. ಮನುಷ್ಯನ ಗ್ರಾನುಲೈಸಿನ್ ಜೀನ್ ಸೇರಿಸಿದ ಇಲಿಗಳು ಸೋಂಕನ್ನು ಉಳಿದವುಗಳಿಗಿಂತ ಚೆನ್ನಾಗಿ ತಡೆದುಕೊಂಡವು.

ಗ್ರಾನುಲೈಸಿನ್‌ಗೆ ಒಬ್ಬ ವಿಚಿತ್ರ ದಾಯಾದಿ ಇದ್ದಾನೆ. ಆಮಶಂಕೆ ತರುವ ಅಮೀಬ, ಎಂಟಮೀಬ ಹಿಸ್ಟೊಲಿಟಿಕಾ, ತಾನು ನುಂಗಿದ ಬ್ಯಾಕ್ಟೀರಿಯಗಳನ್ನು ಕೊಲ್ಲಲು 77 ಅಮೈನೊ ಆಮ್ಲಗಳ ಅಮೀಬಪೋರ್ ಎಂಬ ಪೆಪ್ಟೈಡ್ ಬಳಸುತ್ತದೆ. ರಚನೆಯಲ್ಲಿ ಅದು ನಮ್ಮ ಗ್ರಾನುಲೈಸಿನ್‌ನ ಕುಟುಂಬಕ್ಕೇ ಸೇರಿದ್ದು. ಅಂದರೆ ಪೊರೆ ಕೊರೆಯುವ ಈ ವಿದ್ಯೆ ನಮಗೂ ಅಮೀಬಕ್ಕೂ ದೂರದ ಪೂರ್ವಜರಿಂದ ಬಂದ ಆಸ್ತಿಯಂತೆ ಕಾಣುತ್ತದೆ. ನಮ್ಮ ಕರುಳಿನ ಕೋಶಗಳನ್ನು ಕೊಲ್ಲುವುದರಲ್ಲೂ ಅಮೀಬ ಇದನ್ನು ಬಳಸಿಕೊಳ್ಳುತ್ತದೆ. ಪ್ರತಿಯಾಗಿ ನಮ್ಮ ಕರುಳು ಎಲ್‌ಎಲ್-37 ಸ್ರವಿಸಿದರೆ, ಅಮೀಬ ತನ್ನ ಸಿಸ್ಟೀನ್ ಪ್ರೋಟಿಯೇಸ್ ಕಿಣ್ವಗಳಿಂದ ಅದನ್ನು ಕತ್ತರಿಸಿಹಾಕುತ್ತದೆ. ಲೀಶ್ಮೇನಿಯಾದ ಉಪಾಯವೇ, ಕಿಣ್ವ ಮಾತ್ರ ಬೇರೆ.

ಎಲ್ಲ ಪೆಪ್ಟೈಡ್‌ಗಳೂ ಕೊಲ್ಲಲೇಬೇಕೆಂದಿಲ್ಲ. ಯಕೃತ್ತು ತಯಾರಿಸುವ ಹೆಪ್ಸಿಡಿನ್ 25 ಅಮೈನೊ ಆಮ್ಲಗಳದು. ಮೊದಲು ಅದನ್ನೂ ಸೂಕ್ಷ್ಮಜೀವಿನಾಶಕವೆಂದೇ ಪಟ್ಟಿಗೆ ಸೇರಿಸಿದ್ದರು. ಅಸಲಿಗೆ ಅದು ದೇಹದ ಕಬ್ಬಿಣದ ಲೆಕ್ಕ ನೋಡಿಕೊಳ್ಳುವ ಹಾರ್ಮೋನು. ಮಲೇರಿಯ ರಕ್ತದಲ್ಲಿ ಹೆಚ್ಚಿದಾಗ ಹೆಪ್ಸಿಡಿನ್ ಏರುತ್ತದೆ, ಕಬ್ಬಿಣದ ಹಂಚಿಕೆ ಬದಲಾಗುತ್ತದೆ, ಯಕೃತ್ತಿನ ಕೋಶಗಳಲ್ಲಿ ಕಬ್ಬಿಣ ಬತ್ತುತ್ತದೆ. ಮತ್ತೊಂದು ಸೊಳ್ಳೆ ಕಚ್ಚಿ ಹೊಸದಾಗಿ ಬಂದ ಪರಾವಲಂಬಿಗಳು ಮೊದಲು ಇಳಿಯಬೇಕಾದದ್ದು ಯಕೃತ್ತಿನಲ್ಲೇ. ಅಲ್ಲಿ ಅವಕ್ಕೆ ಬೆಳೆಯಲು ಕಬ್ಬಿಣವೇ ಸಿಗುವುದಿಲ್ಲ. ಒಂದು ಸೋಂಕು ಇರುವಾಗ ಇನ್ನೊಂದು ಸುಲಭವಾಗಿ ನೆಲೆಯೂರದಿರುವುದಕ್ಕೆ ಇಲಿಗಳಲ್ಲಿ ಸಿಕ್ಕ ವಿವರಣೆ ಇದು. ತಾಂಜಾನಿಯದ ಪೆಂಬಾ ದ್ವೀಪದಲ್ಲಿ ಮಕ್ಕಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ಸುನಿಲ್ ಸಜಾವಲ್ ಮತ್ತು ಸಂಗಡಿಗರು ನಡೆಸಿದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಬ್ಬಿಣ ಪಡೆದ ಮಕ್ಕಳೇ ಹೆಚ್ಚು ಮಂದಿ ಆಸ್ಪತ್ರೆ ಸೇರುವಂತಾಯಿತು. ಮಲೇರಿಯ ತೀವ್ರವಾಗಿರುವ ಕಡೆ ಕಬ್ಬಿಣದ ಮಾತ್ರೆಯ ಜೊತೆಗೇ ಮಲೇರಿಯದ ತಪಾಸಣೆ, ಚಿಕಿತ್ಸೆಯೂ ಇರಬೇಕೆಂಬ ಎಚ್ಚರ ಬಂದದ್ದು ಆ ಬಳಿಕ.

ಹಾಗಾದರೆ ಈ ಪೆಪ್ಟೈಡ್‌ಗಳನ್ನೇ ಔಷಧ ಮಾಡಿ ಚುಚ್ಚಬಾರದೇಕೆ? ಪ್ರಯತ್ನ ನಡೆದಿದೆ. ಮಗೈನಿನ್ ಆಧರಿಸಿದ ಪೆಕ್ಸಿಗನಾನ್ ಎಂಬ ಮುಲಾಮು ಮಧುಮೇಹಿಗಳ ಕಾಲಿನ ಹುಣ್ಣಿಗಾಗಿ ಕೊನೆಯ ಹಂತದ ಪರೀಕ್ಷೆಗಳವರೆಗೂ ಬಂದಿತ್ತು. ಇರುವ ಔಷಧಗಳಿಗಿಂತ ಮೇಲು ಎಂದು ಸಾಬೀತಾಗದೆ ಅಮೆರಿಕದ ಔಷಧ ನಿಯಂತ್ರಕರು 1999ರಲ್ಲಿ ತಿರಸ್ಕರಿಸಿದರು. ಅದು ಹಚ್ಚುವ ಮದ್ದು. ರಕ್ತಕ್ಕೆ ಚುಚ್ಚುವುದು ಇನ್ನೂ ಕಷ್ಟ. ರಕ್ತದ ಲವಣಾಂಶದಲ್ಲಿ ಹಲವು ಪೆಪ್ಟೈಡ್‌ಗಳ ಬಲ ಕುಗ್ಗುತ್ತದೆ, ನಮ್ಮದೇ ಕಿಣ್ವಗಳು ಅವನ್ನು ಬೇಗ ಕತ್ತರಿಸುತ್ತವೆ, ಪ್ರಮಾಣ ಹೆಚ್ಚಿಸಿದರೆ ನಮ್ಮ ಕೋಶಗಳಿಗೂ ಪೆಟ್ಟು ಬೀಳುತ್ತದೆ. ದೇಹ ಎಲ್‌ಎಲ್-37ನ್ನು ನಿಷ್ಕ್ರಿಯ ರೂಪದಲ್ಲಿ ಕಟ್ಟಿಡುವುದು ಸುಮ್ಮನೆ ಅಲ್ಲ: ಸೋರಿಯಾಸಿಸ್ ರೋಗಿಗಳ ಚರ್ಮದಲ್ಲಿ ಅದು ಮಿತಿಮೀರಿ ಇರುತ್ತದೆ, ಸತ್ತ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ಉರಿಯೂತವನ್ನು ಕೆರಳಿಸುತ್ತದೆ. ವಿಟಮಿನ್ ಡಿ ಎಲ್‌ಎಲ್-37 ತಯಾರಿಯನ್ನು ಪ್ರಚೋದಿಸುತ್ತದೆ ಎಂಬುದು ನಿಜ, 2006ರಲ್ಲಿ ಕ್ಷಯದ ಬ್ಯಾಕ್ಟೀರಿಯದ ಸಂದರ್ಭದಲ್ಲಿ ಅದು ಚೆನ್ನಾಗಿ ಸಾಬೀತಾಯಿತು. ಅಲ್ಲಿಂದ ‘ಇಮ್ಯುನಿಟಿ ಬೂಸ್ಟರ್’ ಡಬ್ಬಿಯ ಮೇಲಿನ ಬರಹಕ್ಕೆ ಹಾರುವುದು ವಿಜ್ಞಾನವಲ್ಲ, ವ್ಯಾಪಾರ. ಪೆಪ್ಟೈಡ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಸೋರಿಯಾಸಿಸ್‌ನಲ್ಲೇ ಮುರಿದುಬೀಳುತ್ತದೆ.

ಈಗ ಸಂಶೋಧಕರು ಹಿಡಿದಿರುವ ದಾರಿಗಳು ಇನ್ನಷ್ಟು ಜಾಣತನದವು. ಒಂದು, ಪೆಪ್ಟೈಡನ್ನೇ ಕೊಡದೆ ಅದರ ಆಕಾರ, ವಿದ್ಯುದಾವೇಶಗಳನ್ನು ಅನುಕರಿಸುವ ಚಿಕ್ಕ ರಾಸಾಯನಿಕ ಅಣು ತಯಾರಿಸುವುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೊರೊನ್ ಗ್ರೀನ್‌ಬಾಮ್ ಅವರ ತಂಡ 2012ರಲ್ಲಿ ಪಿಎಫ್4 ಅನುಕರಿಸುವ ಇಂತಹ ಅಣುಗಳು ಮಲೇರಿಯದ ರಸದಾನಿಯನ್ನು ಒಡೆಯುವುದನ್ನು ತೋರಿಸಿತು. ಅಂಥವು ಅಗ್ಗ, ಕಿಣ್ವಗಳೂ ಕತ್ತರಿಸವು. ಇನ್ನೊಂದು, ಅಮೈನೊ ಆಮ್ಲಗಳ ಕನ್ನಡಿ ಪ್ರತಿಬಿಂಬದಂತಿರುವ ಡಿ ರೂಪಗಳಿಂದ ಪೆಪ್ಟೈಡ್ ಕಟ್ಟುವುದು. ಪೊರೆಗೆ ತೂತು ಕೊರೆಯಲು ಎಡ-ಬಲದ ವ್ಯತ್ಯಾಸ ಅಷ್ಟಾಗಿ ಅಡ್ಡಿಯಲ್ಲ. ಜಿಪಿ63ನಂಥ ಕಿಣ್ವಗಳ ಬಾಯಿಗೆ ಮಾತ್ರ ಅವು ಹೊಂದುವುದಿಲ್ಲ.

ಇವುಗಳಲ್ಲಿ ಯಾವುದಾದರೂ ಕಾಲಾ ಅಜಾರ್‌ಗೆ ಔಷಧವಾಗಿ ಬಂದರೆ ಅದು ಸ್ಪರ್ಧಿಸಬೇಕಿರುವುದು ಆಂಫೊಟೆರಿಸಿನ್-ಬಿ ಜೊತೆಗೆ. ವೆನೆಜುವೆಲಾದ ಒರಿನೊಕೊ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ಸಿಕ್ಕ ಈ ಔಷಧವೂ ತೂತು ಕೊರೆಯುವುದೇ. ಲೀಶ್ಮೇನಿಯಾದ ಪೊರೆಯಲ್ಲಿ ಕೊಲೆಸ್ಟೆರಾಲ್‌ನ ಬದಲು ಮುಖ್ಯವಾಗಿ ಎರ್ಗೊಸ್ಟೆರಾಲ್ ಇದೆ, ಆಂಫೊಟೆರಿಸಿನ್ ಅದನ್ನೇ ಹುಡುಕಿ ಹಿಡಿಯುತ್ತದೆ. ಆ್ಯಂಟಿಮೊನಿ ಚುಚ್ಚುಮದ್ದಿಗೆ ಬಿಹಾರದ ಪರಾವಲಂಬಿಗಳು ಒಗ್ಗಿಹೋದ ಮೇಲೆ, ಕೊಬ್ಬಿನ ಕಿರುಗುಳ್ಳೆಗಳಲ್ಲಿ ತುಂಬಿದ ಆಂಫೊಟೆರಿಸಿನ್‌ನ ಒಂದೇ ಡೋಸ್, ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ, ಸಾಕೆಂದು 2010ರಲ್ಲಿ ಅಲ್ಲಿಯೇ ನಡೆದ ಪರೀಕ್ಷೆ ತೋರಿಸಿತು. ಒಂದು ಬಾಟಲಿ ಡ್ರಿಪ್ ಏರಿಸಿಕೊಂಡು ರೋಗಿ ಮನೆಗೆ ಹೋಗಬಹುದು. ಆದರೆ ಅದನ್ನು ತಂಪಿನಲ್ಲಿಡಬೇಕು, ನರಕ್ಕೇ ಏರಿಸಬೇಕು. 2002ರಲ್ಲಿ ಭಾರತಕ್ಕೆ ಬಂದ ಮಿಲ್ಟೆಫೊಸಿನ್ ನುಂಗುವ ಗುಳಿಗೆ, ಆದರೆ 28 ದಿನ ತೆಗೆದುಕೊಳ್ಳಬೇಕು, ಗರ್ಭಿಣಿಯರಿಗೆ ಕೊಡುವಂತಿಲ್ಲ. ಕಾಲಾ ಅಜಾರ್ ಪ್ರಕರಣಗಳು ಈಗ ತೀರಾ ಇಳಿದಿವೆ. ಉಳಿದಿರುವುದು ಚಿಕಿತ್ಸೆಯ ನಂತರವೂ ಚರ್ಮದಲ್ಲಿ ಮಚ್ಚೆಯಾಗಿ ಪರಾವಲಂಬಿಯನ್ನು ಹೊತ್ತು ತಿರುಗುವವರು. ಅವರಿಗೆ ತಿಂಗಳುಗಟ್ಟಲೆ ಮದ್ದು ಬೇಕು. ಜೀರ್ಣಾಂಗದಲ್ಲಿ ಕರಗಿಹೋಗದ, ಮನೆಯಲ್ಲೇ ಇಟ್ಟುಕೊಂಡು ಬಳಸಬಹುದಾದ ಪೆಪ್ಟೈಡ್ ಅನುಕರಣೆ ಒಂದು ಸಿಕ್ಕರೆ ಅದರ ಮೊದಲ ಹಕ್ಕುದಾರರು ಇವರು.